ಬಲಗಡೆಯ ಮೆಡಲ್

“ಮೆಡಲ್ ಎಡಗಡೆ ಹಾಕ್ಕೋಬೇಕು, ಆಂಟಿ.”

ಯೋಧರನ್ನು ನೆನೆಯುವ ಆನ್‌ಜಾಕ್ ದಿನ, ಮೆಲ್ಬರ್ನ್ ಸಿಟಿಗೆ ಹೊರಟ ಟ್ರೇನಿನಲ್ಲಿ ಎದುರು ಕೂತಿದ್ದ ಅಜ್ಜಿಗೆ ಹಾಗೆಂದೆ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದ ಜಂಬ ನನಗೆ.

ಅವರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. “ಎಡಗಡೆ ಯುದ್ಧ ಮಾಡಿದವ್ರಿಗೆ, ಬಲಗಡೆ ಅವ್ರ ಮಕ್ಕಳು ಮೊಮ್ಮಕ್ಕಳಿಗೆ. ನಮ್ಮಪ್ಪ ಪೋಲೆಂಡಿನ ಸೈನಿಕ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಜೊತೆ ನಿಂತು ಇಟಲಿಯಲ್ಲಿ ಹೋರಾಡಿದ್ರು. ಗೆದ್ದ ಮೇಲೆ ಲಂಡನ್ನಿನ ವಿಜಯದ ಮೆರವಣಿಗೆಗೆ ಅವ್ರನ್ನ ಕರೀಲೇ ಇಲ್ಲ. ಅದಕ್ಕೇ ಪ್ರತಿವರ್ಷ ಇಲ್ಲಿನ ಆನ್‌ಜಾಕ್ ಮೆರವಣಿಗೆಯಲ್ಲಿ ನಾನು ನಡೀತೀನಿ. ಕಾರಲ್ಲಿ ಕೂರಿಸ್ತೀವಿ ಅಂತಾರೆ. ಆಗಲ್ಲ ಅಂದೆ!”

ನನ್ನ ತಾತನೂ ಅದೇ ಇಟಲಿಯಲ್ಲಿ ಹೋರಾಡಿದ್ದರು. ಬೆಂಗಳೂರಿನ ಮನೆಯ ಬೀರುವಿನಲ್ಲಿದ್ದ ಅವರ ಮೆಡಲ್ ತರಿಸಿಕೊಂಡಿದ್ದೇನೆ. ಮುಂದಿನ ವರ್ಷ ಅದು ನನ್ನ ಎದೆಯ ಬಲಗಡೆ ಇರುತ್ತದೆ. ಯಾರಾದರೂ ಕರೆಯಲಿ, ಬಿಡಲಿ, ನಡೆಯುತ್ತೇನೆ.