ಕುರಿಗೊಂದು ಕಾಳು: ಅಗರಖೇಡದ ಸುಂದರವ್ವನ ಎಣಿಕೆ

ಬೆಳಕು ಇನ್ನೂ ಸರಿಯಾಗಿ ಬಿಟ್ಟಿಲ್ಲ. ಇಂಡಿ ತಾಲ್ಲೂಕಿನ ಅಗರಖೇಡದ ಹೊರಗೆ, ಜಾಲಿ ಮುಳ್ಳಿನ ಬೇಲಿ ಕಟ್ಟಿದ ಕುರಿದಡ್ಡಿಯ ಮುಂದೆ ಸುಂದರವ್ವ ನಿಂತಿದ್ದಾಳೆ. ಬೇಲಿಯಲ್ಲಿ ಒಂದೇ ಕುರಿ ಹಾಯುವಷ್ಟು ಕಂಡಿ. ದಡ್ಡಿಯ ಒಡೆಯ ಮಡಿವಾಳಪ್ಪ ಬಾಯಲ್ಲಿ ಸದ್ದು ಮಾಡಿ ಕುರಿಗಳನ್ನು ಒಂದೊಂದಾಗಿ ಹೊರಬಿಡುತ್ತಾನೆ. ಕುರಿಯೊಂದು ಹಾಯ್ದರೆ ಸುಂದರವ್ವ ಚೀಲದಿಂದ ಒಂದು ಜೋಳದ ಕಾಳು ತೆಗೆದು ಉಡಿಗೆ ಹಾಕಿಕೊಳ್ಳುತ್ತಾಳೆ. ಮರಿ ಹಾಯ್ದರೆ ಕಡಲೆಕಾಳು. ತುಟಿ ಅಲ್ಲಾಡುವುದಿಲ್ಲ.

ಕುರಿಯನ್ನು ಬಾಯಿಬಿಟ್ಟು ಎಣಿಸಬಾರದು ಎಂಬುದು ಇಲ್ಲಿಯ ಕುರಿಗಾರರ ನಡಾವಳಿ. ಎಣಿಸಿದರೆ ದೃಷ್ಟಿ ತಾಗುತ್ತದೆ. ಎಷ್ಟಿವೆ ಎಂದು ಕೇಳಿದರೆ ಐವತ್ತು ಎನ್ನುತ್ತಾರೆ, ನೂರು ಎನ್ನುತ್ತಾರೆ. ದಡ್ಡಿಯಲ್ಲಿ ಎಪ್ಪತ್ತಿರಬಹುದು, ನೂರಾಮೂವತ್ತಿರಬಹುದು. ಅದು ಸುಳ್ಳಲ್ಲ, ಮರ್ಯಾದೆ. ಆ ಮರ್ಯಾದೆಯೇ ಒಮ್ಮೆ ಐದು ಹಳ್ಳಿಗಳ ಕುರಿನಿಧಿಯನ್ನು ಮುಳುಗಿಸಿತ್ತು.

ಮಡಿವಾಳಪ್ಪನ ಕೊನೆಯ ಕುರಿ ಹಾಯುತ್ತದೆ. ಸುಂದರವ್ವ ಉಡಿಯನ್ನು ಬಿಗಿಹಿಡಿದು ದೂರದ ಬೇವಿನ ಗಿಡದ ಕೆಳಗೆ ಹೋಗಿ ಕೂತು, ಹತ್ತು ಹತ್ತು ಕಾಳಿನ ಗುಂಪು ಮಾಡಿ ಎಣಿಸಿ ಪುಸ್ತಕದಲ್ಲಿ ಬರೆಯುತ್ತಾಳೆ. ಅಲ್ಲಿಂದ ಇನ್ನೂರು ಹೆಜ್ಜೆ ಆಚೆ ಮತ್ತೊಂದು ದಡ್ಡಿ ಇದೆ. ಅದರ ಕಂಡಿಗೆ ಮುಳ್ಳು ಎಳೆದಿದೆ. ಅದು ಅವಳ ಒಡಹುಟ್ಟಿದ ಅಣ್ಣ ಸೋಮನಿಂಗನದು. ಅಣ್ಣ ಅವಳೊಡನೆ ಮಾತು ಬಿಟ್ಟು ಹತ್ತು ತಿಂಗಳಾಗಿದೆ. ನಾಳೆ ನಾಗರ ಅಮಾವಾಸ್ಯೆ, ನಿಧಿಯ ಹೊಸ ವರ್ಷ. ಅಷ್ಟರೊಳಗೆ ಎಣಿಕೆಯಾಗದ ದಡ್ಡಿಯ ಒಂದು ಕುರಿಗೂ ಈ ವರ್ಷ ನಿಧಿಯ ರಕ್ಷಣೆ ಇಲ್ಲ. ಮುಂದೆ ಮಳೆಗಾಲವಿದೆ, ರೋಗದ ಕಾಲ.

“ಮೂರು ದಿನಾ ಆತ್ರಿ, ದಿನಾ ಬಂದು ನಿಂದರ್ತೇನಿ,” ಎನ್ನುತ್ತಾಳೆ. “ಅವಾ ಕಂಡೀ ತಗೀವಲ್ಲ. ತಗೀ ಅನ್ನಾಕ ನನಗ ಬಾಯಿ ಇಲ್ಲ.”

ಸುಂದರವ್ವನಿಗೆ ಐವತ್ತಮೂರು. ಓದಿದ್ದು ನಾಲ್ಕನೆಯ ಇಯತ್ತೆ. ಗಂಡ ಕಾಂತು ಈಗಲೂ ಕುರಿ ಕಾಯುತ್ತಾನೆ. ಎಂಟು ವರ್ಷದ ಹಿಂದೆ ಭೀಮಾ ದಂಡೆಯ ಕುರಿಗಾರರು ಕೂಡಿ ನಿಧಿ ಕಟ್ಟಿದಾಗ ಇವರೂ ಸೇರಿದರು. ಕುರಿಗೆ ಇಷ್ಟು ಎಂದು ವರ್ಷಕ್ಕೊಮ್ಮೆ ಕಟ್ಟುವುದು, ಸತ್ತ ಕುರಿಗೆ ನಿಧಿ ಪರಿಹಾರ ಕೊಡುವುದು. ಎರಡನೆಯ ವರ್ಷ ನೀಲಿ ನಾಲಿಗೆ ರೋಗ ಬಂತು. ಐವತ್ತು ಕುರಿಗೆ ಕಟ್ಟಿದವನ ದಡ್ಡಿಯಲ್ಲಿ ಎಪ್ಪತ್ತಿದ್ದವು. ಸತ್ತದ್ದೆಲ್ಲ ಆ ಐವತ್ತರೊಳಗಿನದೇ ಎಂದು ಬರೆಯಲಾಯಿತು. ದುಡ್ಡು ಅರ್ಧದಲ್ಲಿ ತೀರಿತು. ಮೂವತ್ತೊಂದು ಮನೆಯವರು ಹದಿನಾಲ್ಕು ತಿಂಗಳು ಕಾದರು. ಅದರಲ್ಲಿ ಹನ್ನೊಂದು ಕುರಿ ಕಳೆದುಕೊಂಡ ಸುಂದರವ್ವನ ಮನೆಯೂ ಒಂದು.

“ಕೂಟದಾಗ ಎಲ್ಲಾರೂ ಒಬ್ರನ್ನೊಬ್ರು ಕಳ್ಳಾ ಅನ್ನಾಕತ್ತಿದ್ರು. ನಾ ಎದ್ದು ಹೇಳಿದೆ, ಯಾರೂ ಕದ್ದಿಲ್ಲ, ಯಾರೂ ಎಣಿಸಿಲ್ಲ, ಅಷ್ಟ ಅಂತ. ಹಂಗಾರ ನೀನ ಎಣಿಸು, ದೃಷ್ಟಿ ಆತಂದ್ರ ನಿನ್ನ ತಲಿ ಮ್ಯಾಲ ಅಂದ್ರು. ಮನಿಗಿ ಬಂದು ಜ್ವಾಳಾ ಹಸನ ಮಾಡ್ಕೋತ ಕುಂತಾಗ ಇದು ಹೊಳೀತ್ರಿ. ಕಾಳಿಗೇನು ಬಾಯಿ ಐತೇನು?”

ಇಂದು ನಿಧಿಯಲ್ಲಿ ತೊಂಬತ್ತೆರಡು ಮನೆಗಳಿವೆ, ಸುಮಾರು ನಾಲ್ಕು ಸಾವಿರದ ನೂರು ಕುರಿ. ಕುರಿಯೊಂದಕ್ಕೆ ವರ್ಷಕ್ಕೆ ಇನ್ನೂರು ರೂಪಾಯಿ. ಸತ್ತರೆ ಐದು ಸಾವಿರ. ಅದು ಕುರಿಯ ಬೆಲೆಯ ಅರ್ಧವೂ ಆಗದು, ಬೇಕೆಂದೇ ಹಾಗೆ ಇಟ್ಟದ್ದು. ಪೂರ್ತಿ ಬೆಲೆ ಸಿಗುವಂತಾದರೆ ಕುರಿಯ ಮೇಲಿನ ಒಡೆಯನ ಕಣ್ಣು ಸಡಿಲಾಗುತ್ತದೆ. ಎಣಿಸಿದ ಕುರಿಯ ಕಿವಿಗೆ ಬಿಲ್ಲೆ. ಮಳೆಗೆ ಮುಂಚೆ ಲಸಿಕೆ ಹಾಕಿಸದವರಿಗೆ ಪರಿಹಾರವಿಲ್ಲ. ಸಂತೆಯಿಂದ ಹೊಸ ಕುರಿ ತಂದರೆ ಎಂಟು ದಿನದೊಳಗೆ ಎಣಿಕೆಗೆ ಸೇರಿಸಬೇಕು. ಈ ಕಟ್ಟಳೆಗಳನ್ನು ಕೂಟ ಮಾಡಿತು, ಕಾಯುವವಳು ಸುಂದರವ್ವ. ತಿಂಗಳಿಗೆ ಆರು ಸಾವಿರ ಸಂಬಳ, ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ.

ಕುರಿ ಸತ್ತ ಮನೆಗೆ ಹೋಗುವವಳೂ ಅವಳೇ. ಕಿವಿಯ ಬಿಲ್ಲೆ ನೋಡುವ ಮೊದಲು ಸತ್ತ ಪ್ರಾಣಿಯ ಹಣೆಗೆ ಕುರಿಗಾರರ ದೇವರು ಬೀರಲಿಂಗನ ಭಂಡಾರದ ಅರಿಶಿನ ಹಚ್ಚುತ್ತಾಳೆ. ಆಮೇಲೆ ಆ ಮನೆಯವರ ಪಕ್ಕ ಕೂಡುತ್ತಾಳೆ. ಕಳೆದುಕೊಂಡವರ ಬಳಿ ಎಷ್ಟು ಹೊತ್ತು ಸುಮ್ಮನೆ ಕೂಡಬೇಕೆಂಬುದು ಯಾವ ಕಟ್ಟಳೆಯಲ್ಲೂ ಬರೆದಿಲ್ಲ. ಅವಳು ಪುಸ್ತಕ ತೆಗೆಯಲು ಅವಸರ ಮಾಡಿದ್ದನ್ನು ಯಾರೂ ಕಂಡಿಲ್ಲ.

ನಿಧಿಯ ಲೆಕ್ಕವನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡುವವರು ಇಂಡಿಯ ಸಂಜೀವಕುಮಾರ. ವಿಮಾ ಕಂಪನಿಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. “ಸಾಲ್ವೆನ್ಸಿ ಅಂತ ನಾವು ದೊಡ್ಡ ದೊಡ್ಡ ಕಾಗದಾ ಬರೀತಿದ್ವಿ,” ಎನ್ನುತ್ತಾರೆ. “ಅದರ ಒಳಗಿನ ಮಾತು ಇಷ್ಟರಿ: ಎಲ್ಲಾಕಿಂತ ಕೆಟ್ಟ ವರ್ಷ ನಾಳೆನ ಬಂತಂದ್ರ, ಕೊಡ್ತೇವಿ ಅಂದದ್ದನ್ನ ಎಲ್ಲಾರಿಗೂ ಕೊಡಾಕ ಆಗ್ತೈತೋ ಇಲ್ಲೋ. ಈ ತಾಯಿ ಅದಕ್ಕ ಕೆಟ್ಟ ವರ್ಷದ ಗಂಟು ಅಂತಾಳ. ನನಗ ಆಕಿ ಹೆಸರ ಚಲೋ ಅನಿಸ್ತು.”

ಗಂಟು ಎಂದರೆ ಹನ್ನೆರಡು ಲಕ್ಷ. ಒಂದೇ ವರ್ಷದಲ್ಲಿ ಇನ್ನೂರ ನಲವತ್ತು ಕುರಿ ಸತ್ತರೂ ಸಾಲುವಷ್ಟು. ಕಳೆದ ಭಾದ್ರಪದದಲ್ಲಿ ಆ ಕೆಟ್ಟ ವರ್ಷ ಬಂದೇ ಬಂತು. ಅದೇ ವರ್ಷ ಸುಂದರವ್ವನೂ ಒಂದು ತಪ್ಪು ಮಾಡಿದಳು.

ರೋಗಕ್ಕೂ ಮೊದಲು, ನಾಗರ ಅಮಾವಾಸ್ಯೆಯ ಎಣಿಕೆಗೆ ಅಣ್ಣನ ದಡ್ಡಿಗೆ ಹೋದಾಗ ಸೋಮನಿಂಗ ನಕ್ಕು, “ತವರಮನಿ ಕುರೀನೂ ಎಣಿಸ್ತೀಯೇನ ತಂಗೀ? ನೂರು ಅಂತ ಬರಕೋ, ಒಳಗ ನಡಿ, ಚಾ ಕುಡಿ,” ಅಂದ. ಅವಳು ಬರೆದುಕೊಂಡಳು. ನೂರು ಬಿಲ್ಲೆ ಕೊಟ್ಟು ಬಂದಳು. ರೋಗ ಬಂದು ಅವನ ಇಪ್ಪತ್ತೆರಡು ಕುರಿ ಸತ್ತವು. ಹದಿಮೂರರ ಕಿವಿಯಲ್ಲಿ ಬಿಲ್ಲೆ ಇತ್ತು, ಒಂಬತ್ತಕ್ಕೆ ಇರಲಿಲ್ಲ.

“ಒಂಬತ್ತು ಬಿಲ್ಲೆ ಮುಳ್ಳಿಗೆ ಸಿಕ್ಕು ಹರಿದಾವು ಅಂತ ಬರಿ,” ಅಂದ ಸೋಮನಿಂಗ.

“ಹರಿದಿದ್ರ ಕಿವಿ ಸೀಳಿರ್ತಿತ್ತಣ್ಣಾ.”

“ನೀ ತಂಗಿಯೋ, ತಹಶೀಲ್ದಾರಳೋ?”

ಅಣ್ಣನೊಬ್ಬನದೇ ಆಗಿದ್ದರೆ ನಲವತ್ತೈದು ಸಾವಿರದ ಮಾತು. ಆದರೆ ಎಣಿಕೆಗೆ ಸೇರಿಸದೆ ಸಂತೆಯಿಂದ ತಂದ ಕುರಿ ಇನ್ನೂ ಹದಿನೇಳು ಮನೆಗಳಲ್ಲಿ ಸತ್ತಿದ್ದವು. ಸುಂದರವ್ವ ಅಣ್ಣನಿಗೆ ಏನು ಬರೆಯುತ್ತಾಳೆಂದು ಆ ಹದಿನೇಳೂ ಮನೆಯವರು ನೋಡುತ್ತಿದ್ದರು. ಬಿಲ್ಲೆ ಇಲ್ಲದೆ ಸತ್ತವು ಎಲ್ಲ ಕೂಡಿದರೆ ನೂರಾ ಅರವತ್ತು ಕುರಿ, ಎಂಟು ಲಕ್ಷ. ಅವಳು ಹದಿಮೂರು ಎಂದು ಬರೆದಳು. ಕೂಟದಲ್ಲಿ ಎದ್ದು ನಿಂತು, ಎಣಿಸದೆ ನೂರು ಬರೆದದ್ದು ತನ್ನ ತಪ್ಪೆಂದು ಹೇಳಿ ಒಂದು ತಿಂಗಳ ಸಂಬಳ ಬಿಟ್ಟಳು. ಸೋಮನಿಂಗ ಎದ್ದು ಹೋದ.

ಆ ವರ್ಷ ಎಣಿಕೆಯಲ್ಲಿದ್ದ ಇನ್ನೂರ ಹದಿನಾಲ್ಕು ಕುರಿಗಳಿಗೆ ಹತ್ತು ಲಕ್ಷ ಎಪ್ಪತ್ತು ಸಾವಿರ ಹೋಯಿತು. ಯಾರೂ ನಲವತ್ತು ದಿನಕ್ಕಿಂತ ಹೆಚ್ಚು ಕಾಯಲಿಲ್ಲ. ವರ್ಷದ ಜಮೆ, ಖರ್ಚು ಎಲ್ಲ ಕಳೆದು ಗಂಟಿನಲ್ಲಿ ಎಂಟು ಲಕ್ಷ ಎಪ್ಪತ್ತು ಸಾವಿರ ಉಳಿದಿದೆ. ಅದು ಮತ್ತೆ ಹನ್ನೆರಡಕ್ಕೆ ಮುಟ್ಟುವವರೆಗೆ ಹೊಸ ಮನೆ ಸೇರಿಸುವುದಿಲ್ಲ. ಅಣ್ಣನದೂ ಸೇರಿ ಆ ಹದಿನೆಂಟು ಮನೆಯವರ ಮಾತು ನಡೆದಿದ್ದರೆ ಉಳಿಯುತ್ತಿದ್ದದ್ದು ಎಪ್ಪತ್ತು ಸಾವಿರ, ಹದಿನಾಲ್ಕು ಕುರಿಗೆ ಸಾಲುವಷ್ಟು. ಸಂಜೀವಕುಮಾರ ಇದನ್ನು ಮುಂದಿನ ಕೂಟದಲ್ಲಿ ಓದಿದರು. ಸೋಮನಿಂಗ ಕೊನೆಯ ಸಾಲಿನಲ್ಲಿ ಕೂತಿದ್ದ.

ಇದೆಲ್ಲ ಹೇಳುವಾಗ ಸುಂದರವ್ವನ ದನಿ ಏರುವುದಿಲ್ಲ. ಪಂಚಮಿಯ ಮಾತಿಗೆ ಬಂದಾಗ ಅಣ್ಣನ ದಡ್ಡಿಯ ಕಡೆ ನೋಡುತ್ತಾಳೆ. “ಪಂಚಮಿ ಆರು ದಿನಾ ಉಳೀತು. ಮೂವತ್ತಮೂರು ವರ್ಷಾ ತಪ್ಪಲಾರದ ಹಬ್ಬಕ್ಕ ತವರಿಗಿ ಕರಿಯಾಕ ಬಂದಾನ್ರಿ ಅಣ್ಣ. ಈ ಸಲ ನಮ್ಮ ಮನ್ಯಾಗ ಉಂಡಿ ಕಟ್ಟಾಕ ಕೈ ಬರವಲ್ದು.”

ಬಿಸಿಲು ಬೇಲಿಗೆ ತಾಗುತ್ತದೆ. ಮಡಿವಾಳಪ್ಪ ತನ್ನ ಕುರಿ ಹೊಡೆದುಕೊಂಡು ಅಣ್ಣನ ದಡ್ಡಿಯ ಪಕ್ಕ ಹಾಯುವಾಗ ಕೂಗುತ್ತಾನೆ: “ಏ ಸೋಮನಿಂಗಾ, ಮುಳ್ಳ ಹಚ್ಚಿ ಕುಂತ್ರ ರೋಗ ನಿನ್ನ ಕೇಳಿ ಒಳಗ ಬರ್ತೈತೇನೋ?”

“ನಿನ್ನ ಕುರಿ ನೀ ನೋಡ್ಕೋ ಹೋಗು!” ಎಂದು ಒಳಗಿಂದ ಉತ್ತರ ಬರುತ್ತದೆ.

ಸುಂದರವ್ವ ಪುಸ್ತಕ ಮಡಚಿ ಏಳುತ್ತಾಳೆ. ಮನೆಯ ದಾರಿ ಹಿಡಿಯುವುದಿಲ್ಲ. ಹಿಂದಿನ ಮೂರು ದಿನದಂತೆಯೇ ಅಣ್ಣನ ಬೇಲಿಯ ಮುಂದೆ ಹೋಗಿ ನಿಲ್ಲುತ್ತಾಳೆ. ಬಹಳ ಹೊತ್ತಿನ ಮೇಲೆ ಕೋಲೊಂದು ಒಳಗಿಂದ ಮುಳ್ಳನ್ನು ಪಕ್ಕಕ್ಕೆ ಸರಿಸುತ್ತದೆ. ಸೋಮನಿಂಗ ತಂಗಿಯ ಮುಖ ನೋಡದೆ ಕಾಳಿನ ಚೀಲ ನೋಡುತ್ತಾನೆ.

“ಕಾಳು ಸಾಕಷ್ಟು ತಂದೀಯೇನು? ನೂರರಾಗ ಮುಗಿಯೂದಲ್ಲ ಇದು.”

“ಸೇರುಗಟ್ಟಲೆ ತಂದೀನಣ್ಣಾ. ನೀ ಬಿಡು.”

ಕುರಿಗಳು ಹಾಯುತ್ತವೆ. ನಡುವೆ ಎರಡು ಒಟ್ಟಿಗೆ ನುಗ್ಗಿದಾಗ ಸುಂದರವ್ವ ಕೈ ಎತ್ತುತ್ತಾಳೆ. ಸೋಮನಿಂಗ ಎರಡನ್ನೂ ಹಿಂದಕ್ಕೆ ದಬ್ಬಿ, ಒಂದೊಂದಾಗಿ ಬಿಡುತ್ತಾನೆ. ಕೊನೆಯದು ಹಾಯ್ದ ಮೇಲೆ ಅವಳು ಬೇವಿನ ಗಿಡದ ಕೆಳಗೆ ಹೋಗಿ ಎಣಿಸುತ್ತಾಳೆ. ಒಮ್ಮೆ ಎಣಿಸಿ, ಮತ್ತೊಮ್ಮೆ ಎಣಿಸುತ್ತಾಳೆ. ಅಣ್ಣ ಅಷ್ಟು ದೂರದಲ್ಲೇ ಕೋಲೂರಿ ನಿಂತಿದ್ದಾನೆ. ಪಂಚಮಿಯ ಮಾತು ಅವನೂ ಎತ್ತಿಲ್ಲ, ಅವಳೂ ಕೇಳಿಲ್ಲ.

ನಿಮಗೆ ನಿಧಿಯಿಂದ ಏನು ಬೇಕು ಎಂದು ಕೇಳಿದರೆ ಸುಂದರವ್ವ ಕಾಳುಗಳನ್ನು ಚೀಲಕ್ಕೆ ತುಂಬುತ್ತಾಳೆ.

“ನನಗೇನ ಬೇಕ್ರಿ? ಹದಿನಾಲ್ಕು ತಿಂಗಳು ನಾ ಕಾದಂಗ ಇನ್ನೊಬ್ಬಾಕಿ ಕಾಯಬಾರದು, ಅಷ್ಟ.” ಪುಸ್ತಕ ತೆರೆದು, ಅಣ್ಣನ ಹೆಸರಿನ ಮುಂದೆ ನಿಧಾನವಾಗಿ ನೂರಾ ಇಪ್ಪತ್ತೇಳು ಎಂದು ಬರೆಯುತ್ತಾಳೆ. “ಈಗ ನೋಡ್ರಿ, ನಮ್ಮ ಐದೂರಾಗ ನಾ ಎಣಿಸಲಾರದ ದಡ್ಡಿ ಒಂದೂ ಉಳಿದಿಲ್ಲ.”