ನಂಜೇಗೌಡರಿಗೆ ಬಂದ ಅಡ್ವಾನ್ಸಿನ ನೋಟಿಸು

ಕೊರೋನಾ ಕಳೆದ ಮರುವರ್ಷ ನಾನು ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಅಂಚೆ ಹಂಚುವ ಕೆಲಸದಲ್ಲಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಒಂದು ಸೋಮವಾರ ಚೀಲದಲ್ಲಿ ಶ್ರೀರಂಗಪಟ್ಟಣದ ವಕೀಲರೊಬ್ಬರ ರಿಜಿಸ್ಟರ್ ಪತ್ರವಿತ್ತು. ಇಂಥ ಪತ್ರವನ್ನು ವಿಳಾಸದಾರರ ಸಹಿ ಪಡೆದೇ ಕೊಡಬೇಕು. ಸಹಿಯಾದ ಕಾರ್ಡು ಕಳಿಸಿದವರಿಗೆ ವಾಪಸು ಹೋಗುತ್ತದೆ. ವಿಳಾಸ ನಂಜೇಗೌಡರದು.

ನಂಜೇಗೌಡರು ನನಗಿಂತ ಹತ್ತು ವರ್ಷ ದೊಡ್ಡವರು. ಹಿಂದೊಮ್ಮೆ ನಾನು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಾಗ, ತಮ್ಮ ಟ್ರಾಕ್ಟರಿಗೆ ಹುಲ್ಲು ಹಾಸಿ ನನ್ನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದವರು. ಅಂದು ಜಗುಲಿಯಲ್ಲೇ ಸಿಕ್ಕರು. ಲಕೋಟೆಯ ಮೇಲೆ ವಕೀಲರ ಮೊಹರು ಕಂಡದ್ದೇ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು.

"ಪಾಂಡವಪುರದ ಮನೇದು ಕಣ್ಲಾ. ಬಾಡಿಗೆಗಿದ್ದೋಳು ಅಡ್ವಾನ್ಸು ಕೇಳ್ತಾವ್ಳೆ. ಬಾಗ್ಲಾಕಿತ್ತು ಅಂತ ಬರ್ದು ವಾಪಸ್ ಕಳಿಸ್ಬುಡು."

"ನೀವು ಎದುರಿಗೇ ನಿಂತಿದ್ದೀರಲ್ಲಣ್ಣ, ಅಂಗೆಂಗೆ ಬರೀಲಿ?"

"ಇಷ್ಟು ವರ್ಸದಲ್ಲಿ ನಿನ್ನ ಏನಾರಾ ಕೇಳಿದ್ನೇನ್ಲಾ?"

ಕೇಳಿರಲಿಲ್ಲ. ಆದರೆ ಲಕೋಟೆಯ ಬೆನ್ನ ಮೇಲೆ ನಾನು ಬರೆಯುವ ಒಂದು ಸಾಲನ್ನೇ ನ್ಯಾಯಾಲಯ ನಂಬುತ್ತದೆ. ಬೇಡವೆಂದರೆ 'ನಿರಾಕರಿಸಿದರು' ಎಂದು ಬರೆಯಬೇಕಾಗುತ್ತದೆ, ಹಾಗೆ ಬರೆದರೆ ಪತ್ರ ಕೈಸೇರಿದ ಲೆಕ್ಕವೇ ಆಗುತ್ತದೆ ಎಂದು ಹೇಳಿದೆ. ಯೋಚನೆ ಮಾಡಲು ಸಮಯ ಬೇಕಿದ್ದರೆ ಏಳು ದಿನ ಕಚೇರಿಯಲ್ಲಿ ಇಟ್ಟುಕೊಂಡಿರುತ್ತೇನೆ ಎಂದೂ ಹೇಳಿದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಮೇಲೆ ದಿನವೂ ಅವರ ಮನೆಯ ಮುಂದೆಯೇ ಹಾದುಹೋಗಬೇಕಿತ್ತು. ನನ್ನ ಬೆಲ್ಲು ಕೇಳಿದರೆ ಮುಖ ತಿರುಗಿಸುತ್ತಿದ್ದರು. ಒಂದು ಸುಳ್ಳು ಬರೆದಿದ್ದರೆ ಏನಾಗುತ್ತಿತ್ತು ಎಂದು ನನಗೂ ಅನ್ನಿಸಿದ್ದುಂಟು.

ಆರನೆಯ ದಿನ ಬೆಳಿಗ್ಗೆ ಕಚೇರಿಯ ಬೀಗ ತೆಗೆಯುವ ಹೊತ್ತಿಗೆ ಅವರೇ ಮೆಟ್ಟಿಲ ಮೇಲೆ ಕೂತಿದ್ದರು.

"ಎಲ್ಲಿ ಸೈನ್ ಆಕ್ಬೇಕು, ತೋರ್ಸು." ಸಹಿ ಮಾಡಿ ಲಕೋಟೆಯನ್ನು ನನ್ನ ಕಡೆಗೇ ತಳ್ಳಿದರು. "ಕನ್ನಡಕ ತಂದಿಲ್ಲ. ನೀನೇ ಓದು."

ಓದಿದೆ. ರೆಹಾನಾ ಎಂಬ ಟೈಲರ್ ಪಾಂಡವಪುರದ ಆ ಮನೆಯಲ್ಲಿ ಆರು ವರ್ಷ ಬಾಡಿಗೆಗಿದ್ದರು. ಖಾಲಿ ಮಾಡಿ ಬೀಗದ ಕೈ ಕೊಟ್ಟು ಐದು ತಿಂಗಳಾಗಿತ್ತು. ಐವತ್ತು ಸಾವಿರ ಅಡ್ವಾನ್ಸು ಬಂದಿರಲಿಲ್ಲ, ಫೋನಿಗೂ ಉತ್ತರವಿಲ್ಲ. ಆ ಹಣವಿಲ್ಲದೆ ಬೇರೆ ಮನೆ ಹಿಡಿಯಲಾಗದೆ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಶ್ರೀರಂಗಪಟ್ಟಣದಲ್ಲಿ ಅಣ್ಣನ ಒಂದೇ ಕೋಣೆಯ ಮನೆಯಲ್ಲಿದ್ದಾರೆ. ಹೊಲಿಗೆ ಯಂತ್ರ ಬೀದಿಬದಿಯ ಜಗುಲಿಯಲ್ಲಿ ಟಾರ್ಪಾಲಿನಡಿ ಇದೆ, ದುಡಿಮೆ ನಿಂತಿದೆ. ಹದಿನೈದು ದಿನದೊಳಗೆ ಹಣ ಬಾರದಿದ್ದರೆ ದಾವೆ.

"ಮಿಸೀನು ಬೀದಿಗೆ ಮಡಗವ್ಳಾ?" ಎಂದರು ನಂಜೇಗೌಡರು. "ಕೊಡಬಾರ್ದು ಅಂತಲ್ಲ ಕಣ್ಲಾ. ಟ್ರಾಕ್ಟರು ಕೆಟ್ಟೋಯ್ತು, ಅದಕ್ಕಾಕ್ಬುಟ್ಟೆ. ಮುಂದಿನ ವಾರ ಅಂದೆ, ಆಗ್ನಿಲ್ಲ. ಆಮೇಲೆ ಫೋನ್ ಎತ್ತಕ್ಕೇ ಮಕ ಇಲ್ದಂಗಾಯ್ತು."

"ಈಗ ಫೋನ್ ಮಾಡಿ ಅಣ್ಣ," ಎಂದೆ.

ಮಾಡಿದರು. "ನಾನು ಕಣವ್ವ, ನಂಜೇಗೌಡ." ರೆಹಾನಾ ಅವರ ದನಿ ನನಗೂ ಕೇಳಿಸಿತು: "ನಿಮ್ಮ ತಬಿಯತ್ ಸರಿ ಇಲ್ವೇನೋ ಅಂತ ಮೊದ್ಲು ಹೆದ್ರಿದ್ದೆ ಅಂಕಲ್. ಆಮೇಲೆ ಬೇಕಂತ್ಲೇ ಎತ್ತಲ್ಲ ಅಂತ ಗೊತ್ತಾಯ್ತು. ಖುದಾ ಕಸಮ್, ದುಡ್ಡಿಗಿಂತ ಅದೇ ನೋವಾಯ್ತು."

ಮಾರನೆಯ ದಿನವೇ ಕೈಸಾಲ ಮಾಡಿ ಅರ್ಧ ಹಣ ಕಳಿಸಿದರು, ರೆಹಾನಾ ಮನೆಯೊಂದನ್ನು ಹಿಡಿಯುವಷ್ಟು. ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ಹಣ ಬಂದ ವಾರ ಉಳಿದರ್ಧ ಕೊಡಲು ನಂಜೇಗೌಡರು ತಾವೇ ಹೊರಟರು, ಸಾಕ್ಷಿಗೆಂದು ನನ್ನನ್ನೂ ಬಸ್ಸಿಗೆ ಹತ್ತಿಸಿಕೊಂಡರು. ರೆಹಾನಾ ಹೊಸದಾಗಿ ಹಿಡಿದಿದ್ದ ಪುಟ್ಟ ಮನೆಯಲ್ಲಿ ಯಂತ್ರ ಕಿಟಕಿಯ ಬಳಿ ಇತ್ತು. ಅದರ ಮೇಲೆ ಅರ್ಧ ಹೊಲಿದ ಹಸಿರು ರವಿಕೆ. ರೆಹಾನಾ ರಸೀದಿ ಬರೆದು, ಚಹಾ ಕೊಟ್ಟರು.

"ತಪ್ಪಾಯ್ತು ಕಣವ್ವ," ಎಂದರು ನಂಜೇಗೌಡರು.

"ಬಿಡಿ ಅಂಕಲ್. ಇನ್ಮುಂದೆ ಯಾರ ಫೋನ್ ಬಂದ್ರೂ ಎತ್ತಿ, ಸಾಕು."

ನಂಜೇಗೌಡರು ನಕ್ಕದ್ದನ್ನು ನಾನು ಎಷ್ಟೋ ದಿನದ ಮೇಲೆ ಕಂಡೆ.

ಪತ್ರ ಬೇಡವೆನ್ನುವವರೆಲ್ಲ ಮೋಸಗಾರರೆಂದು ಅಲ್ಲಿಯವರೆಗೆ ತಿಳಿದಿದ್ದೆ. ಉಳಿದ ಎರಡು ವರ್ಷ, 'ಇಲ್ಲ ಅಂತ ಬರ್ಕೊ' ಎಂದವರ ಮೇಲೆ ನಾನು ರೇಗಲಿಲ್ಲ, ಅವರು ಹೇಳಿದಂತೆ ಬರೆಯಲೂ ಇಲ್ಲ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಪಕ್ಕದಲ್ಲಿ ಕೂತು, ಇದರಲ್ಲಿ ಏನಿದೆಯೆಂದು ನಿಮಗೆ ಭಯ ಎಂದು ಕೇಳುತ್ತಿದ್ದೆ. ಹೇಳಿಕೊಂಡು ಮುಗಿಸಿದ ಮೇಲೆ ಬಹಳಷ್ಟು ಮಂದಿ ತಾವಾಗಿಯೇ ಪೆನ್ನು ಕೇಳಿದರು.