ವಿಮಾನದಲ್ಲೊಂದು ಬದು

ನಾನು ಚನ್ನರಾಯಪಟ್ಟಣದಲ್ಲಿ ಬಟ್ಟೆ ಹೊಲಿಯುವವಳು. ಕೊರಳಿಗೆ ಟೇಪು ನೇತುಹಾಕಿಕೊಂಡು ಇಷ್ಟು ವರ್ಷದಿಂದ ಊರಿನ ಹೆಂಗಸರ ಅಳತೆ ತೆಗೆದವಳಿಗೆ, ಒಬ್ಬರ ಸೊಂಟ ಇನ್ನೊಬ್ಬರದರ ಹಾಗಿರುವುದಿಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಮೊದಲ ಸಲ ವಿಮಾನ ಹತ್ತಿ ಆ ಸಾಲು ಸಾಲು ಸೀಟು ನೋಡಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಇದನ್ನು ಮಾಡಿದ ಪುಣ್ಯಾತ್ಮ ಯಾರ ಅಳತೆ ತೆಗೆದ? ಹೈಸ್ಕೂಲಿನ ಬಡಕಲು ಹುಡುಗಿ ಯಾರನ್ನೋ ನಿಲ್ಲಿಸಿ ಅಳೆದು, ಲೋಕಕ್ಕೆಲ್ಲ ಇದೇ ಸಾಕು ಅಂತ ಕತ್ತರಿ ಹಾಕಿಬಿಟ್ಟಿದ್ದಾನೆ. ನನ್ನ ಅಂಗಡಿಯಲ್ಲಿ ಈ ಕೆಲಸ ಮಾಡಿದ್ದರೆ ರವಿಕೆಯನ್ನು ಮುಖಕ್ಕೆ ಎಸೆದು ಹೋಗುತ್ತಿದ್ದರು.

ಆದರೆ ಸುಳ್ಳು ಯಾಕೆ ಹೇಳಲಿ, ಆವತ್ತು ನನಗೆ ಬೇಕಾಗಿದ್ದೂ ಆ ಇಕ್ಕಟ್ಟೇ. ಮಾತು ಬಿಟ್ಟ ಇಬ್ಬರು ಗಂಡಸರನ್ನು ಬೇಕೆಂದೇ ಅಕ್ಕಪಕ್ಕ ಕೂರಿಸಲು ಹೊರಟಿದ್ದೆ. ಒಬ್ಬ ನನ್ನ ಅಪ್ಪ, ಇನ್ನೊಬ್ಬ ಅವನ ತಮ್ಮ, ನನ್ನ ಚಿಕ್ಕಪ್ಪ.

ಶಾಂತಿಗ್ರಾಮದ ಹತ್ತಿರ ಇವರಿಬ್ಬರ ಹೊಲಗಳ ನಡುವೆ ಒಂದು ಬದು ಇದೆ. ಅದರ ಮೇಲೆ ಬೆಳೆಯುವ ಹುಲ್ಲು ಒಂದು ವರ್ಷ ಅಪ್ಪನ ಹಸುಗಳಿಗೆ, ಮರುವರ್ಷ ಚಿಕ್ಕಪ್ಪನ ಹಸುಗಳಿಗೆ. ಯುಗಾದಿಯಿಂದ ಯುಗಾದಿಗೆ ಸರದಿ. ತಾತ ಮಾಡಿಟ್ಟ ಕಟ್ಟಲೆ ಅದು. ತಾತ ಎಲ್ಲಾ ಯೋಚನೆ ಮಾಡಿದ್ದ, ಅಧಿಕ ಮಾಸವೊಂದನ್ನು ಬಿಟ್ಟು. ಚಿಕ್ಕಪ್ಪನ ಸರದಿಯ ವರ್ಷದಲ್ಲೇ ಅಧಿಕ ಮಾಸ ಬಂದು ವಕ್ಕರಿಸಿತು. ವರ್ಷಕ್ಕೆ ಹನ್ನೆರಡೇ ತಿಂಗಳು, ಹೆಚ್ಚಿಗೆ ಬಂದ ತಿಂಗಳ ಹುಲ್ಲು ಇಬ್ಬರದೂ ಎಂದು ಅಪ್ಪನ ವಾದ. ಯುಗಾದಿ ಬರುವ ತನಕ ಎಲ್ಲಾ ನನ್ನದೇ ಎಂದು ಚಿಕ್ಕಪ್ಪನ ವಾದ. ಒಂದು ಬೆಳಿಗ್ಗೆ ಅಪ್ಪ ಕುಡುಗೋಲು ಹಿಡಿದು ಹೋಗಿ ಅರ್ಧ ಬದು ಬೋಳಿಸಿಕೊಂಡು ಬಂದ. ಹೆಚ್ಚೆಂದರೆ ಎರಡು ಮಂಕರಿ ಹುಲ್ಲು. ಅಲ್ಲಿಗೆ ಅಣ್ಣ ತಮ್ಮಂದಿರ ಮಾತು ನಿಂತಿತು.

ಆಮೇಲೆ ಇನ್ನೆರಡು ಅಧಿಕ ಮಾಸ ಬಂದು ಹೋದವು. ಆ ನಡುವೆ ಚಿಕ್ಕಪ್ಪ ಹೊಳೆನರಸೀಪುರದ ಹತ್ತಿರ ಟ್ರ್ಯಾಕ್ಟರಿನಿಂದ ಬಿದ್ದು, ಹಾಸನದ ಆಸ್ಪತ್ರೆಯಲ್ಲಿ ಮಂಡಿಗೆ ಕಂಬಿ ಹಾಕಿಸಿಕೊಂಡು ಮಲಗಿದ್ದ. ಅಪ್ಪ ನನ್ನ ಜೊತೆ ಆಸ್ಪತ್ರೆಯ ಗೇಟಿನ ತನಕ ಬಂದ. ಎದುರುಗಡೆ ನಿಂತು ಟೀ ಕುಡಿದ. "ನೀ ನೋಡ್ಕಂಡ್ ಬಾ" ಎಂದು ನನ್ನನ್ನು ಒಳಗೆ ಕಳಿಸಿ, ಇನ್ನೊಂದು ಟೀ ಹೇಳಿದ. ಇದನ್ನು ಯಾರಿಗೂ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡಿದ್ದ.

ಇವರಿಬ್ಬರಿಗೂ ದೊಡ್ಡವಳು ನನ್ನ ಸೋದರತ್ತೆ. ಅರಕಲಗೂಡಿನ ಕಡೆಯವರನ್ನು ಮದುವೆಯಾಗಿ, ಮಾವನಿಗೆ ದೆಹಲಿಯಲ್ಲಿ ಕೆಲಸವಾದ್ದರಿಂದ ಅಲ್ಲೇ ಬೇರು ಬಿಟ್ಟವಳು. ಅವಳ ಹೃದಯದ ಕವಾಟ ಕೆಟ್ಟು, ಆಪರೇಶನ್ ಆಗಲೇಬೇಕು ಎಂದರು. ಅತ್ತೆ ಒಂದು ಸಲ ಮುಂದೂಡಿದಳು. ಇನ್ನೊಂದು ಸಲ ಮುಂದೂಡಿದರೆ ನಾವು ಜವಾಬ್ದಾರರಲ್ಲ ಎಂದರು ಡಾಕ್ಟರು. ಆಗ ನನಗೆ ಫೋನು ಮಾಡಿದಳು.

"ನೋಡ್ ಮಗ, ಆಪ್ರೇಸನ್‌ಗೆ ಬಳೆ ತೆಗೀರಿ ಅಂತ ನರ್ಸು ದಿನಾ ಬಂದು ಪ್ರಾಣ ತಿಂತಾವ್ಳೆ. ತೆಗಿಯಕಿಲ್ಲ ಅಂದಿವ್ನಿ. ನನ್ ತಮ್ಮಂದ್ರು ಇಬ್ರೂ ಬಾಯ್ಬುಟ್ಟು ಮಾತಾಡದ್ನ ನೋಡ್ದೆ ನಾನು ಆ ಟೇಬಲ್ ಮ್ಯಾಲೆ ಮಲಗಕಿಲ್ಲ. ಎಲ್ಡು ಮೂಕಬಸವನ್ನ ಒಡ್ಕಂಡು ಬಂದ್ಗಿಂದೀಯ, ವಾಪಸ್ ಅಟ್ಬುಡ್ತೀನಿ."

ನಮ್ಮ ಮನೆಯವರ ಹಟ ನನಗೆ ಗೊತ್ತು. ಮಲಗುವುದಿಲ್ಲ ಎಂದರೆ ಮಲಗುವುದಿಲ್ಲ. ಅಕ್ಕನಿಗೆ ಆಪರೇಶನ್ ಎಂದಷ್ಟೇ ಹೇಳಿ ಇಬ್ಬರನ್ನೂ ಹೊರಡಿಸಿದೆ, ಷರತ್ತಿನ ಮಾತೆತ್ತಲಿಲ್ಲ.

ಹಾಸನಕ್ಕೇ ವಿಮಾನ ಬರುತ್ತದೆ ಎಂದು ಕೇಳುತ್ತಾ ಕೇಳುತ್ತಾ ನನ್ನ ತಲೆ ನೆರೆತಿದೆ. ಅಲ್ಲಿಯವರೆಗೆ ಬೆಂಗಳೂರೇ ಗತಿ. ಬೆಂಗಳೂರಿನ ಬಸ್ಸಿನಲ್ಲಿ ಇಬ್ಬರೂ ತಮ್ಮ ಪಾಡಿಗೆ ಸೀಟು ಹಿಡಿದರು. ಅಪ್ಪ ಕಿಟಕಿಯಿಂದ ಟವೆಲ್ ಎಸೆದು ಡ್ರೈವರ್ ಹಿಂದಿನ ಸೀಟು ಹಿಡಿದ. ಚಿಕ್ಕಪ್ಪ ಅದನ್ನು ನೋಡಿ ಕುಂಟಿಕೊಂಡು ಹೋಗಿ ಕಟ್ಟಕಡೆಯ ಸೀಟಿನಲ್ಲಿ ಕೂತ. ನಾನು ನಡುವೆ ಕೂತು, ಇರಿ ಇರಿ, ವಿಮಾನದಲ್ಲಿ ಟವೆಲ್ ಎಲ್ಲಿ ಎಸೀತೀರೋ ನೋಡ್ತೀನಿ ಎಂದುಕೊಂಡೆ.

ವಿಮಾನ ನಿಲ್ದಾಣದಲ್ಲಿ ಇನ್ನೊಂದು ರಾಮಾಯಣ. ಅಕ್ಕನಿಗೆಂದು ಅಪ್ಪ ಒಂದು ಚೀಲ ಕೊಬ್ಬರಿ ಗಿಟುಕು ತುಂಬಿಕೊಂಡು ಬಂದಿದ್ದ. ಎಣ್ಣೆ ಪದಾರ್ಥ, ಬೆಂಕಿ ಹತ್ತಿಕೊಳ್ಳುತ್ತದೆ, ಲಗೇಜಿಗೆ ಹಾಕುವ ಹಾಗಿಲ್ಲ ಎಂದಳು ಕೌಂಟರಿನ ಹುಡುಗಿ.

"ಕೊಬ್ರಿಗೆ ಬೆಂಕಿಯಾ? ನಮ್ಮಟ್ಟಿ ಅಟ್ಟದ್ ಮ್ಯಾಲೆ ತಾತನ ಕಾಲ್ದಿಂದ ಬಿದ್ದೈತೆ ಕಣವ್ವ, ಒಂದಿನಾರ ಅತ್ಕಂಡಿಲ್ಲ!"

ಹುಡುಗಿ ನಕ್ಕಳು, ಆದರೆ ಬಿಡಲಿಲ್ಲ; ಕೊಬ್ಬರಿ ಅಲ್ಲೇ ಉಳಿಯಿತು. ಹಿಂದೆ ನಿಂತಿದ್ದ ಚಿಕ್ಕಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಅವನ ಜೇಬಿನಲ್ಲಿ ಚೂರು ಮಾಡಿದ ಕೊಬ್ಬರಿ, ಬೆಲ್ಲದ ಪೊಟ್ಟಣ ಬೆಚ್ಚಗಿತ್ತು. ಅದನ್ನು ಯಾರೂ ಕೇಳಲಿಲ್ಲ.

ಒಳಗೆ ಕಿಟಕಿಗೆ ಅಪ್ಪ, ನಡುವೆ ಚಿಕ್ಕಪ್ಪ, ಓಡಾಡುವ ದಾರಿಯ ಕಡೆ ನಾನು. ಅಪ್ಪ ಕೂತು ಹಿಂದಕ್ಕೂ ಮುಂದಕ್ಕೂ ನೋಡಿದ. ಅವನ ಸಾಲಿಗೆ ಕಿಟಕಿಯೇ ಇರಲಿಲ್ಲ; ಒಂದು ಮುಂದೆ ಹೋಗಿತ್ತು, ಇನ್ನೊಂದು ಹಿಂದೆ ಉಳಿದಿತ್ತು.

"ಕಿಟ್ಕಿ ಸೀಟು ಅಂದಲ್ಲವ್ವ, ಗ್ವಾಡೆ ಕೊಡ್ಸಿದೀಯಲ್ಲ!" ಎಂದ ನನಗೆ.

ಜಾಸ್ತಿ ಜನ ಹಿಡಿಯಲಿ ಅಂತ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸುತ್ತಾರಂತೆ, ಕಿಟಕಿ ಮಾತ್ರ ಇದ್ದಲ್ಲೇ ಇರುತ್ತದಂತೆ. ಗುಂಡಿ ಹೊಲಿದವನಿಗೂ ಕಾಜಾ ಮಾಡಿದವನಿಗೂ ಮಾತಿಲ್ಲದಿದ್ದರೆ ಅಂಗಿ ಹೀಗೇ ಆಗುವುದು. ಅದನ್ನೇ ಹೇಳಿದೆ. ಇಬ್ಬರೂ ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

ಆಮೇಲೆ ಶುರುವಾಯಿತು ನೋಡಿ. ಇಬ್ಬರ ನಡುವೆ ಕೈ ಊರಲು ಇದ್ದದ್ದು ಒಂದೇ ಪಟ್ಟಿ, ಅದೂ ಅಂಗೈ ಅಗಲ ಇಲ್ಲ. ಮನುಷ್ಯನಿಗೆ ಎರಡು ಕೈ ಎಂಬುದು ಅದನ್ನು ಮಾಡಿದವನಿಗೆ ಮರೆತೇ ಹೋಗಿರಬೇಕು. ಅಪ್ಪ ಮೊಣಕೈ ಊರಿದ. ಚಿಕ್ಕಪ್ಪ ಬೆಲ್ಟು ಹುಡುಕುವ ನೆಪದಲ್ಲಿ ಅದನ್ನು ಸರಿಸಿ ತನ್ನದನ್ನು ಊರಿದ. ಅಪ್ಪ ಕೆಮ್ಮಿದ. ಟವೆಲನ್ನು ನಾಲ್ಕು ಮಡಿಕೆ ಮಾಡಿ ಆ ಪಟ್ಟಿಯ ಮುಂದಿನ ಅರ್ಧಕ್ಕೆ ಗಡಿಕಲ್ಲು ನೆಟ್ಟ ಹಾಗೆ ಇಟ್ಟ. ಚಿಕ್ಕಪ್ಪ ಕಿರುಬೆರಳಿನಲ್ಲಿ ಅದನ್ನು ಒಂದಿಷ್ಟು ಆಚೆಗೆ ತಳ್ಳಿದ. ಕೂದಲು ಬೆಳ್ಳಗಾದ ಇಬ್ಬರು, ಮೊಮ್ಮಕ್ಕಳು ಇರುವವರು! ಗಗನಸಖಿ ಬಾಗಿಲು ತೆರೆಯುವ ಬಗೆ, ಮುಖವಾಡ ಹಾಕಿಕೊಳ್ಳುವ ಬಗೆ ಎಲ್ಲಾ ತೋರಿಸಿದಳು. ಇವರು ಒಂದನ್ನೂ ನೋಡಲಿಲ್ಲ, ಇಬ್ಬರ ಕಣ್ಣೂ ಬದುವಿನ ಮೇಲೆ.

ವಿಮಾನ ಮೇಲೇರಿದ ಮೇಲೆ ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ಕಂಬಿ ಹಾಕಿದ ಕಾಲು ಪೂರ್ತಿ ಮಡಚುವುದಿಲ್ಲ, ಚಾಚಲು ಜಾಗವಿಲ್ಲ. ಮುಂದಿನ ಸೀಟಿನ ಬೆನ್ನು ಮಂಡಿಗೆ ಒತ್ತುತ್ತಿತ್ತು. ನಮ್ಮ ಅರಕಲಗೂಡಿನ ಬಸ್ಸಿನಲ್ಲಿ ಸ್ಪ್ರಿಂಗು ಚುಚ್ಚಿದರೂ ಕಾಲನ್ನು ದಾರಿಗೆ ಚಾಚಿಕೊಂಡು ಕಂಡಕ್ಟರ್ ಹತ್ತಿರ ಬೈಸಿಕೊಂಡು ಬದುಕಬಹುದು. ನನ್ನ ಸೀಟಿಗೆ ಬಾ ಎಂದೆ. ಅವನ ನೋವಿನ ಕಾಲು ಅಪ್ಪನ ಕಡೆಯದು, ಇಲ್ಲಿ ಬಂದರೂ ಅದನ್ನು ದಾರಿಗೆ ಚಾಚಲಾಗುತ್ತಿರಲಿಲ್ಲ. "ನಂಗೇನಾಗಿಲ್ಲ, ಕೂತ್ಕ" ಎಂದ. ಹಲ್ಲು ಕಚ್ಚಿದ್ದು ಕಾಣುತ್ತಿತ್ತು.

ಅಪ್ಪನಿಗೂ ಕಂಡಿತು. ತಮ್ಮನ ತಲೆಯ ಮೇಲಿಂದ ನನ್ನನ್ನು ಕೇಳಿದ, "ಯಾಕಂತೆ, ಕಾಲು ಮಡ್ಸಕ್ಕಾಗಲ್ವಂತಾ?"

ನನಗೂ ತಾಳ್ಮೆ ಅನ್ನುವುದೊಂದು ಇರುತ್ತದೆ. ಆಣೆ ಗೀಣೆ ಎಲ್ಲಾ ಗಾಳಿಗೆ ತೂರಿ ಹೇಳಿದೆ: "ಕಂಬಿ ಹಾಕವ್ರಲ್ಲಪ್ಪ. ನೀನೇ ಆಸ್ಪತ್ರೆ ಗೇಟ್‌ಗಂಟ ಬಂದು ಟೀ ಕುಡ್ಕಂಡು ನಿಂತಿದ್ಯಲ್ಲ, ಮರ್ತೋಯ್ತಾ?"

ಚಿಕ್ಕಪ್ಪ ಗಕ್ಕನೆ ಅಪ್ಪನ ಕಡೆ ತಿರುಗಿದ. ಅಪ್ಪ, ಇಲ್ಲದ ಕಿಟಕಿಯ ಕಡೆ ತಿರುಗಿದ. ಕಾಲ ಬಳಿ ಇಟ್ಟಿದ್ದ ಬಟ್ಟೆಬರೆಯ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡ. ತನ್ನೆರಡು ಕಾಲನ್ನೂ ಗೋಡೆಗೆ ಒತ್ತರಿಸಿದ. ಆಮೇಲೆ ಮತ್ತೆ ನನಗೇ ಹೇಳಿದ:

"ಕಾಲ್ನ ಈ ಕಡೀಕ್ ಚಾಚ್ಕಳ್ಲಿ ಅನ್ನು."

ಚಿಕ್ಕಪ್ಪ ಕಾಲನ್ನು ಓರೆಯಾಗಿ ಅಪ್ಪನ ಜಾಗಕ್ಕೆ ಚಾಚಲು ಹೊರಟ. ಆದರೆ ಸೊಂಟ ತಿರುಗಬೇಕಲ್ಲ, ಆ ಪಟ್ಟಿ ಪಕ್ಕೆಗೆ ತಿವಿಯುತ್ತಿತ್ತು. ನಾನು ಕೈ ಚಾಚಿ ಅದನ್ನು ಮೇಲಕ್ಕೆ ಎತ್ತಿ ಹಿಂದಕ್ಕೆ ಮಡಚಿದೆ. ಗಡಿಕಲ್ಲಿನ ಟವೆಲು ಕೆಳಗೆ ಬಿತ್ತು.

ಅಪ್ಪ ಬಾಯಿ ಬಿಟ್ಟುಕೊಂಡು ನೋಡಿದ. "ಎತ್ಬೋದಾ ಇದ್ನ? ಮೊದ್ಲೇ ಬಾಯ್ಬುಡಕ್ಕೇನಾಗಿತ್ತೆ ನಿಂಗೆ ದಾಡಿ?"

ನೀವು ಕೇಳಲಿಲ್ಲವಲ್ಲ, ಎಂದೆ.

ಹಾಗೇ ಕೂತು ಅರ್ಧ ದೇಶ ದಾಟಿದರು. ತಮ್ಮನ ಕಾಲು ಅಣ್ಣನ ಜಾಗದಲ್ಲಿ, ಅಣ್ಣನ ಮೈ ಗೋಡೆಯಲ್ಲಿ. ಮಾತು ಮಾತ್ರ ಇಲ್ಲ. ಮೂಕಬಸವರನ್ನೇ ಕರೆದುಕೊಂಡು ಹೋಗಿ ಅತ್ತೆಯ ಮುಂದೆ ನಿಲ್ಲಿಸಿದರೆ ನಾನು ಏನು ಮಾಡಲಿ? ಅವಳು ನಿಜವಾಗಿಯೂ ವಾಪಸ್ ಅಟ್ಟಿಬಿಟ್ಟರೆ?

ದೆಹಲಿ ಹತ್ತಿರ ಬಂದು ವಿಮಾನ ಇಳಿಯತೊಡಗಿತು. ಗಗನಸಖಿ ಬಂದು ಆ ಪಟ್ಟಿಯನ್ನು ಕೆಳಗಿಳಿಸಿ ಹೋದಳು. ಅಪ್ಪ ಅವಳನ್ನು, ಬದು ಒತ್ತರಿಸಿದವಳನ್ನು ನೋಡುವ ಹಾಗೆ ನೋಡಿದ. ಅಷ್ಟರಲ್ಲಿ ಅವನ ಕಿವಿ ನೋಯತೊಡಗಿ, ಎರಡೂ ಕೈಯಲ್ಲಿ ಕಿವಿ ಒತ್ತಿ ಹಿಡಿದುಕೊಂಡು ಬಗ್ಗಿದ. ಮೇಲೆ ಇದ್ದ ಗಾಳಿಯ ಒತ್ತಡ ಕೆಳಗೆ ಬರುತ್ತಾ ಬದಲಾಗುತ್ತದೆ, ಏನಾದರೂ ಜಗಿಯುತ್ತಿರಬೇಕು ಎಂದು ನನಗೆ ಯಾರೋ ಹೇಳಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಚಿಕ್ಕಪ್ಪ ಜೇಬಿಗೆ ಕೈ ಹಾಕಿ ಕೊಬ್ಬರಿ, ಬೆಲ್ಲ ತೆಗೆದು ಅಣ್ಣನ ಕೈಗಿಟ್ಟು, ಜಗಿಯುವಂತೆ ದವಡೆ ಆಡಿಸಿ ತೋರಿಸಿದ. ಅಪ್ಪ ಜಗಿದ. ಆಗ ಚಿಕ್ಕಪ್ಪ ತಲೆ ತಗ್ಗಿಸಿ, ತೀರಾ ಮೆಲ್ಲಗೆ ಏನೋ ಹೇಳಿದ.

ಅಪ್ಪ ಜಗಿಯುತ್ತಾ ಗೋಡೆ ನೋಡುತ್ತಿದ್ದ. ಒಂದು ಹೂಂ ಇಲ್ಲ, ಉಹೂಂ ಇಲ್ಲ. ಚಿಕ್ಕಪ್ಪನ ಮುಖ ಇಳಿದುಹೋಯಿತು. ನನಗೆ ಅಳುವೇ ಬಂತು.

"ಚಿಕ್ಕಪ್ಪ, ಅಪ್ಪಂಗೆ ಕಿವಿ ಮುಚ್ಕಂಡೈತೆ ಕಣೋ. ಗಟ್ಟಿಯಾಗಿ ಹೇಳು!"

ಚಿಕ್ಕಪ್ಪ ಹಿಂದೆ ಮುಂದೆ ನೋಡಿದ. ಸುತ್ತ ದೊಡ್ಡ ದೊಡ್ಡ ಜನ, ಎಲ್ಲರೂ ಸುಮ್ಮನೆ ಕೂತಿದ್ದಾರೆ. ಆಮೇಲೆ ಉಸಿರೆಳೆದು, ಹೊಲದ ಆ ಬದಿಗೆ ಕೂಗುವ ಗಂಟಲಿನಲ್ಲಿ ಕೂಗಿದ:

"ಅಣ್ಣಾ! ಗೇಟ್‌ಗಂಟ ಬಂದೋನು ಒಳೀಕ್ ಯಾಕ್ ಬರ್ಲಿಲ್ಲ? ನಾನು ದಿನಾ ಬಾಗ್ಲು ನೋಡ್ಕಂಡೇ ಮಲಗಿದ್ದೆ ಕಣಣ್ಣ!"

ಮುಂದಿನ ಸಾಲುಗಳ ತಲೆಗಳೆಲ್ಲ ತಿರುಗಿದವು. ಅಪ್ಪನಿಗೆ ಈ ಸಲ ಕೇಳಿಸಿತು. ತನ್ನ ದನಿ ತನಗೇ ಕೇಳದ ಅವನು ಇನ್ನೂ ಜೋರಾಗಿ ಕೂಗಿದ:

"ಯಾವ್ ಮಕ ಇಟ್ಕಂಡ್ ಬರ್ಲಿ ಕಣ್ಲಾ? ಉಲ್ಲು ಕುಯ್ಕಂಡೋದೋನು!"

ಕಣ್ಣಲ್ಲಿ ನೀರು, ಬಾಯಲ್ಲಿ ಕೊಬ್ಬರಿ. ಚಕ್ರ ನೆಲಕ್ಕೆ ಬಡಿದದ್ದು ಇಬ್ಬರಿಗೂ ತಿಳಿಯಲಿಲ್ಲ.

ಅಪ್ಪನ ಕಿವಿ ಆವತ್ತೆಲ್ಲ ತೆರೆಯಲಿಲ್ಲ. ಆಸ್ಪತ್ರೆಯ ಲಿಫ್ಟಿನಲ್ಲಿ, ಕಾರಿಡಾರಿನಲ್ಲಿ ಇಬ್ಬರದೂ ಅದೇ ದನಿಯಲ್ಲಿ ಮಾತು: ಹಸು ಎಷ್ಟು ಹಾಲು ಕರೀತದೆ, ಬೋರು ಏನಾಯ್ತು, ಮಂಡಿಗೆ ಯಾವ ಎಣ್ಣೆ ಹಚ್ತೀಯ. ನಾನು ಮುಂದೆ ಓಡಿ ಅತ್ತೆಯ ಕೋಣೆಗೆ ಹೋದೆ. ಅತ್ತೆ ಸೊರಗಿ ಅರ್ಧ ಆಗಿದ್ದಳು. ನರ್ಸು ಬಾಗಿಲ ಹತ್ತಿರ ಹೋಗಿ, ಯಾರದು ಜಗಳ, ಸದ್ದು ಮಾಡಬಾರದು ಎಂದು ಹಿಂದಿಯಲ್ಲಿ ಗದರಿದಳು.

ಅತ್ತೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. "ಅವ್ರುನ್ನ ಸುಮ್ಕಿರ್ಸಬ್ಯಾಡ ಅನ್ನು ಮಗ," ಎಂದಳು ನನಗೆ. "ಕಿರುಚ್ಕಳ್ಲಿ."

ಆಮೇಲೆ ಹಾಸಿಗೆಯ ಮೇಲೆ ಎದ್ದು ಕೂತು, ಒಂದೊಂದೇ ಬಳೆ ಕಳಚಿ ನನ್ನ ಕೈಗೆ ಕೊಡತೊಡಗಿದಳು.